ಡಬ್ಬ ಕ್ಯಾಮೆರಾ: ಓದುಗರ ಪ್ರಶ್ನೆ, ಉತ್ತರ

ಲೆನ್ಸೇ ಇಲ್ಲದೆ, ಹಾಲಿನ ಪುಡಿ ಡಬ್ಬಕ್ಕೆ ಸೂಜಿ ತೂತು ಮಾಡಿ ಒಳಗೆ ಫೋಟೋ ಪೇಪರ್ ಅಂಟಿಸಿ ಫೋಟೋ ತೆಗೆಯೋ ಪಿನ್‌ಹೋಲ್ ಹವ್ಯಾಸದ ಬಗ್ಗೆ ಹೋದ ಸಂಚಿಕೇಲಿ ಬರೆದಿದ್ದೆ. ಇಷ್ಟು ಜನ ಡಬ್ಬ ಹಿಡ್ಕೊಂಡು ಕೂರ್ತಾರೆ ಅಂದ್ಕೊಂಡಿರ್ಲಿಲ್ಲ, ತುಂಬ ಖುಷಿ ಆಯ್ತು. ಬಂದ ಪ್ರಶ್ನೆಗಳಲ್ಲಿ ನಾಲ್ಕು ಇಲ್ಲಿವೆ.

ಪ್ರಶ್ನೆ: ಸರ್, ನೀವು ಹೇಳಿದ ಹಾಗೆ ಡಬ್ಬಕ್ಕೆ ದಬ್ಬಳದಲ್ಲಿ ತೂತು ಹೊಡೆದೆ. ಐದು ಪೇಪರ್ ಹಾಳಾಯ್ತು. ಎರಡು ಪೂರ್ತಿ ಕಪ್ಪು, ಮೂರರಲ್ಲಿ ಮಂಜು ಮಂಜಾಗಿ ನಮ್ಮನೆ ಗೇಟ್ ತರ ಏನೋ ಕಾಣತ್ತೆ. ಎಲ್ಲಿ ತಪ್ಪಿದೆ? — ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಗೇಟ್ ಕಾಣ್ತಿದೆ ಅಂದ್ರೆ ನಿಮ್ಮ ಕ್ಯಾಮೆರಾ ಕೆಲಸ ಮಾಡ್ತಿದೆ ಕಣಮ್ಮ, ಬಿಡ್ಬೇಡಿ. ಮಂಜಾಗಿರೋದಕ್ಕೆ ಕಾರಣ ದಬ್ಬಳ. ಅದರ ತೂತು ಒಂದು ಮಿ.ಮೀ.ಗಿಂತ ದೊಡ್ಡದಾಗತ್ತೆ, ನಿಮ್ಮದು 400 ಗ್ರಾಂ ಡಬ್ಬ ಆದ್ರೆ ಅಗಲ ಸುಮಾರು 10 ಸೆಂ.ಮೀ., ಅದಕ್ಕೆ ಬೇಕಾಗಿರೋದು 0.4 ಮಿ.ಮೀ. ಆಸುಪಾಸಿನ ತೂತು. ಹಾಗಂತ ತೂತು ಸಣ್ಣ ಆದಷ್ಟೂ ಒಳ್ಳೇದು ಅಂತಾನೂ ಅಲ್ಲ, ತೀರಾ ಸಣ್ಣ ಆದ್ರೆ ಬೆಳಕು ತೂತಿನ ಅಂಚಲ್ಲಿ ಬಾಗಿ ಹರಡ್ಕೊಂಡು ಮತ್ತೆ ಮಂಜಾಗತ್ತೆ. ಎರಡರ ನಡುವಿನ ಸರಿಯಾದ ಅಳತೆಗೆ ಲಾರ್ಡ್ ರೇಲಿ ಅನ್ನೋ ಬ್ರಿಟಿಷ್ ವಿಜ್ಞಾನಿಯ ಲೆಕ್ಕ ಇದೆ: ತೂತಿಂದ ಪೇಪರ್‌ವರೆಗಿನ ದೂರವನ್ನ ಬೆಳಕಿನ ತರಂಗದ ಉದ್ದದಿಂದ ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸೋದು. 100 ಮಿ.ಮೀ. ದೂರಕ್ಕೆ 0.45 ಬರತ್ತೆ, 50 ಮಿ.ಮೀ.ಗೆ 0.32.

ಇನ್ನೊಂದು ವಿಷಯ, ಡಬ್ಬದ ತಗಡಿಗೇ ನೇರ ತೂತು ಹೊಡೀಬೇಡಿ, ಅದು ದಪ್ಪ. ಡಬ್ಬದಲ್ಲಿ ಬೆರಳು ತೂರುವಷ್ಟು ಕಿಂಡಿ ಮಾಡಿ, ಕೂಲ್‌ಡ್ರಿಂಕ್ಸ್ ಕ್ಯಾನಿಂದ ಎರಡು ಸೆಂ.ಮೀ. ಚೌಕ ಕತ್ತರಿಸಿ ಅದರಲ್ಲಿ ತೂತು ಮಾಡಿ ಒಳಗಡೆಯಿಂದ ಅಂಟಿಸಿ. ನಾನು ಮಾಡೋದು ಹೀಗೆ. ಹಳೇ ಪುಸ್ತಕದ ಮೇಲೆ ಚೌಕ ಇಟ್ಟು, ಮನೇಲಿರೋ ಸೂಜಿಗಳಲ್ಲಿ ಅತಿ ಸಣ್ಣದನ್ನ ತುದಿ ಮಾತ್ರ ಇಳಿಯೋ ಹಾಗೆ ಒತ್ತಿ ತಿರುಗಿಸ್ತೀನಿ, ಹಿಂದೆ ಒಂದು ಸಣ್ಣ ಗುಬುಟು ಏಳತ್ತೆ, ಅದನ್ನ ನುಣುಪು ಎಮರಿ ಪೇಪರಲ್ಲಿ ನಿಧಾನಕ್ಕೆ ಉಜ್ತೀನಿ, ತಿರುಗಿಸಿ ಮತ್ತೆ ಸೂಜಿ, ಮತ್ತೆ ಉಜ್ಜೋದು. ಐದಾರು ಸಲ. ಕೊನೆಗೆ ಬೆಳಕಿಗೆ ಹಿಡಿದಾಗ ಅಂಚು ದುಂಡಗೆ, ಜುಂಗು ಇಲ್ಲದೆ ಕಾಣ್ಬೇಕು. (ಸೂರ್ಯನ ಕಡೆಗೆ ಮಾತ್ರ ಹಿಡಿದು ನೋಡ್ಬೇಡಿ.) ಅಳೆಯೋಕೆ ಹತ್ತಿರದ ಝೆರಾಕ್ಸ್ ಅಂಗಡಿ ಸ್ಕ್ಯಾನರ್ ಸಾಕು, 2400 ಡಿಪಿಐನಲ್ಲಿ (ಇಂಚಿಗೆ 2400 ಚುಕ್ಕೆ) ಸ್ಕ್ಯಾನ್ ಮಾಡಿಸಿ ತೂತಿನ ಅಡ್ಡ ಎಷ್ಟು ಪಿಕ್ಸೆಲ್ ಇದೆ ಎಣಿಸಿ, 38 ಇದ್ರೆ 0.4 ಮಿ.ಮೀ. ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಶ್ರದ್ಧೆ ಬೇಡೋದು ಈ ಒಂದು ತೂತು, ಅರ್ಧ ದಿನ ಹೋದ್ರೂ ಹೋಗ್ಲಿ.

ಇನ್ನು ಪೂರ್ತಿ ಕಪ್ಪಾದ ಎರಡು. ಪೇಪರಲ್ಲಿ ಬರೋದು ನೆಗೆಟಿವ್, ಬೆಳಕು ಬಿದ್ದ ಕಡೆ ಕಪ್ಪಾಗತ್ತೆ. ಒಂದೋ ಬೆಳಕು ಜಾಸ್ತಿ ಆಗಿದೆ, ಇಲ್ಲಾ ಬೇರೆಲ್ಲಿಂದಲೋ ಒಳಗೆ ನುಗ್ಗಿದೆ. ಆ ಡಬ್ಬದ ಪ್ಲಾಸ್ಟಿಕ್ ಮುಚ್ಚಳ ನೋಡೋಕೆ ಗಟ್ಟಿ, ಆದ್ರೆ ಬಿಸಿಲಿಗೆ ಹಿಡಿದ್ರೆ ಹೊಳೆಯತ್ತೆ, ನನ್ನ ಮೊದಲ ಏಳೆಂಟು ಪೇಪರ್ ಹೋಗಿದ್ದು ಅದರಿಂದಲೇ. ಒಳಗೂ ಹೊರಗೂ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ. ಡೆವಲಪ್ ಮಾಡೋಕೆ, ಅಂದ್ರೆ ಪೇಪರನ್ನ ಕೆಮಿಕಲ್ಲಲ್ಲಿ ಅದ್ದಿ ಚಿತ್ರ ಮೂಡಿಸೋಕೆ, ಬಚ್ಚಲು ಮನೇಲಿ ಹಾಕೋ ಕೆಂಪು ಬಲ್ಬನ್ನೂ ಪರೀಕ್ಷೆ ಮಾಡಿ: ಕತ್ತಲಲ್ಲಿ ಪೇಪರ್ ಚೂರಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಕೆಂಪು ಬಲ್ಬ್ ಹಾಕಿ ಐದು ನಿಮಿಷ ಬಿಟ್ಟು ಡೆವಲಪ್ ಮಾಡಿ, ನಾಣ್ಯದ ಗುರುತು ಬಿತ್ತು ಅಂದ್ರೆ ಆ ಬಲ್ಬ್ ಬೇಡ.

ಎಷ್ಟು ಹೊತ್ತು ತೂತು ತೆರೆದಿಡ್ಬೇಕು ಅಂದ್ರೆ, ಪೇಪರ್ ದೂರ 100ನ್ನ ತೂತಿನ ಅಳತೆ 0.4ರಿಂದ ಭಾಗಿಸಿದ್ರೆ ಎಫ್ 250, ಈ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರೋ ಬೆಳಕು ಕಮ್ಮಿ. ಫೋಟೋ ಪೇಪರ್ ಬಲು ನಿಧಾನದ್ದು, ಬೆಳಕಿಗೆ ಎಷ್ಟು ಬೇಗ ಸ್ಪಂದಿಸತ್ತೆ ಅನ್ನೋ ಅಳತೇಲಿ ಐಎಸ್‌ಓ 6 ಅಂತ ಇಟ್ಕೊಳ್ಳಿ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಲೆಕ್ಕಕ್ಕೆ 40 ಸೆಕೆಂಡ್ ಬರತ್ತೆ. ಒಂದು ನಿಮಿಷದಿಂದ ಶುರು ಮಾಡಿ, ನೆರಳಲ್ಲಾದ್ರೆ ಐದರಿಂದ ಎಂಟು ನಿಮಿಷ. ಸಂಜೆ ಹೊತ್ತು ಇನ್ನೂ ಎಷ್ಟೋ ಜಾಸ್ತಿ ಬೇಕು, ಯಾಕಂದ್ರೆ ಸಂಜೆ ಬೆಳಕು ಕೆಂಪು, ಈ ಪೇಪರ್‌ಗೆ ನೀಲಿ ಬೆಳಕು ಚೆನ್ನಾಗಿ ಕಾಣತ್ತೆ, ಕೆಂಪು ಕಾಣೋದೇ ಇಲ್ಲ. ಅದಕ್ಕೇ ನಿಮ್ಮ ಮಲೆನಾಡಿನ ಹೆಂಚು, ಕೆಂಪು ಮಣ್ಣು ಎಲ್ಲ ನೆಗೆಟಿವ್ ತಿರುಗಿಸಿದ ಫೋಟೋದಲ್ಲಿ ಗಾಢ ಕಪ್ಪಾಗಿ ಬರತ್ತೆ. ಪ್ರತಿ ಪೇಪರ್ ಹಿಂದೆ ಪೆನ್ಸಿಲಲ್ಲಿ ಗಂಟೆ, ಬಿಸಿಲು ಹೇಗಿತ್ತು, ಎಷ್ಟು ಸೆಕೆಂಡ್ ಅಂತ ಬರೆದಿಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೊಮ್ಮಕ್ಕಳಿಗೆ ಇದನ್ನ ತೋರಿಸೋ ಆಸೆ, ಆದ್ರೆ ಕೆಮಿಕಲ್ ಎಲ್ಲ ಮನೇಲಿ ಬೇಡ ಅಂತಾರ. ಬೇರೆ ದಾರಿ ಐತೇನ್ರಿ? — ಹುಬ್ಬಳ್ಳಿ

ಐತ್ರೀ ಸರ, ಮತ್ತ ಅದಕ್ಕ ಒಂದು ಪೈಸಾ ಖರ್ಚಿಲ್ಲ. ರೂಮನ್ನೇ ಕ್ಯಾಮೆರಾ ಮಾಡಿ. ಹೊರಗೆ ಚೆನ್ನಾಗಿ ಬಿಸಿಲು ಬಿದ್ದಿರೋ ಕಡೆಯ ಕಿಟಕಿಗೆ ಪೂರ್ತಿ ರಟ್ಟು ಕಟ್ಟಿ, ಸಂದುಗೊಂದು ಎಲ್ಲ ಬಟ್ಟೆಯಿಂದ ಮುಚ್ಚಿ, ರಟ್ಟಿನ ನಡುವೆ ಒಂದು ಸೆಂ.ಮೀ. ತೂತು ಮಾಡಿ. ಎದುರಿಗೆ ಬಿಳಿ ಪಂಚೆ ಕಟ್ಟಿ. ಮೊದಲಿಗೆ ಏನೂ ಕಾಣಲ್ಲ, ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ ಐದು ನಿಮಿಷ ಬೇಕು, ಮಕ್ಕಳನ್ನ ಕೂರಿಸ್ಕೊಂಡು ಕತೆ ಹೇಳ್ತಾ ಇರಿ. ಆಮೇಲೆ ಎದುರುಮನೆ, ತಂತಿ ಮೇಲಿನ ಬಟ್ಟೆ, ರಸ್ತೇಲಿ ಹೋಗೋ ಸೈಕಲ್ಲು ಎಲ್ಲ ಬಣ್ಣದಲ್ಲಿ ತಲೆಕೆಳಗಾಗಿ ಪಂಚೆ ಮೇಲೆ ನಡೆದಾಡತ್ತೆ.

ಹಂಪಿ ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೇಲಿ ಗೈಡುಗಳು ತೋರಿಸೋ ತಲೆಕೆಳಗಾದ ಗೋಪುರ ಇದೇ. ನೆರಳು ಅಂತ ಕರೀತೀವಿ, ಆದ್ರೆ ಅದು ಸುಮಾರು 50 ಮೀಟರ್ ಎತ್ತರದ ರಾಜಗೋಪುರದಿಂದ ಬಂದ ಬೆಳಕು ಸಣ್ಣ ಕಿಂಡಿ ದಾಟಿ ಗೋಡೆ ಮೇಲೆ ಬರೆದ ಬಿಂಬ. ಗೋಪುರದ ತುದಿಯಿಂದ ಬಂದ ಕಿರಣ ನೇರವಾಗಿ ಕೆಳಗಿಳಿಯತ್ತೆ, ಬುಡದಿಂದ ಬಂದದ್ದು ಮೇಲಕ್ಕೆ ಹೋಗತ್ತೆ, ಅಷ್ಟೇ ಅದರ ಗುಟ್ಟು. ಹಂಪಿವರೆಗೂ ಹೋಗ್ಬೇಕಂತಿಲ್ಲ, ಹೆಂಚಿನ ಮನೇಲಿ ಬೆಳೆದವರಿಗೆ ಹೆಂಚಿನ ಸಂದಿಂದ ನೆಲದ ಮೇಲೆ ಬೀಳೋ ಬಿಸಿಲಿನ ದುಂಡು ಬಿಲ್ಲೆಗಳು ನೆನಪಿರತ್ತೆ. ಸಂದಿ ಯಾವ ಆಕಾರದಲ್ಲಿದ್ರೂ ಬಿಲ್ಲೆ ಮಾತ್ರ ದುಂಡಗೇ, ಯಾಕಂದ್ರೆ ಅದು ಸಂದಿಯ ಆಕಾರ ಅಲ್ಲ, ಸೂರ್ಯನ ಚಿತ್ರ. ಸಂದಿಂದ ನೆಲಕ್ಕೆ 3 ಮೀಟರ್ ಇದ್ರೆ ಬಿಲ್ಲೆ ಸುಮಾರು 2.8 ಸೆಂ.ಮೀ. ಇರತ್ತೆ, ಮೊಮ್ಮಕ್ಕಳ ಕೈಲಿ ಸ್ಕೇಲ್ ಕೊಟ್ಟು ಅಳೆಸಿ. 2019ರ ಡಿಸೆಂಬರ್ 26ರ ಗ್ರಹಣದ ದಿನ ಮರದಡಿ ಎಲೆ ಸಂದಿಯ ಬೆಳಕೆಲ್ಲ ಚಂದ್ರನ ಕೊರೆ ಆಗಿದ್ದನ್ನ ನೋಡಿದವರು ಮರೆಯಲ್ಲ.

ಪ್ರಶ್ನೆ: ಆರು ತಿಂಗಳು ಡಬ್ಬ ಇಟ್ಟು ಸೂರ್ಯನ ದಾರಿ ಹಿಡಿಯೋ ಸೋಲಾರ್ಗ್ರಫಿ ಟ್ರೈ ಮಾಡ್ದೆ, ಜೂನ್‌ನಲ್ಲಿ ಇಟ್ಟು ಡಿಸೆಂಬರ್‌ನಲ್ಲಿ ತೆಗೆದೆ. ಒಳಗೆ ನೀರು, ಪೇಪರ್ ಅಂಟಂಟು. ದಕ್ಷಿಣಕ್ಕೆ ಮುಖ ಮಾಡಿದ್ರೂ ಯುರೋಪಿನವರ ಫೋಟೋ ತರ ಕಮಾನು ಬರಲಿಲ್ಲ. — ಉಡುಪಿ

ಆರು ತಿಂಗಳು ಕಾದು ನೀರು ಸುರಿದಾಗ ಎಷ್ಟು ಬೇಜಾರಾಗತ್ತೆ ಅಂತ ನನಗೆ ಗೊತ್ತು. ಕರಾವಳಿ ಮಳೇಲಿ ಡಬ್ಬ ಉಳಿಯೋದು ಕಷ್ಟ, ಹಾಗಾಗಿ ಡಿಸೆಂಬರ್ 22ಕ್ಕೆ ಇಟ್ಟು ಮೇ ಕೊನೆಗೆ ತೆಗೀರಿ. ಅಷ್ಟರಲ್ಲಿ ಸೂರ್ಯ ದಕ್ಷಿಣದ ತುದಿಯಿಂದ ಹೆಚ್ಚುಕಮ್ಮಿ ಉತ್ತರದ ತುದಿವರೆಗೆ ಬಂದಿರ್ತಾನೆ, ಮುಂಗಾರೂ ಸಾಮಾನ್ಯವಾಗಿ ಶುರುವಾಗಿರಲ್ಲ.

ಕಮಾನಿನ ವಿಷಯ ಅಕ್ಷಾಂಶದ್ದು. ಯುರೋಪಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದ ಆಕಾಶದಲ್ಲೇ ಇರ್ತಾನೆ, ಡಬ್ಬ ದಕ್ಷಿಣಕ್ಕೆ ಇಟ್ರೆ ಎಲ್ಲ ಕಮಾನೂ ಸಿಗತ್ತೆ. ಉಡುಪಿ ಇರೋದು 13 ಡಿಗ್ರಿ ಚಿಲ್ಲರೆಯಲ್ಲಿ. ಇಲ್ಲಿ ಏಪ್ರಿಲ್ ಕೊನೇ ವಾರದಲ್ಲೂ ಆಗಸ್ಟ್ ನಡುವಲ್ಲೂ ಸೂರ್ಯ ನಡುನೆತ್ತಿಗೆ ಬರ್ತಾನೆ, ಜೂನಲ್ಲಂತೂ ನೆತ್ತಿ ದಾಟಿ ಉತ್ತರಕ್ಕೆ ಹೋಗಿರ್ತಾನೆ, ದಕ್ಷಿಣ ನೋಡ್ತಿರೋ ಡಬ್ಬಕ್ಕೆ ಕಾಣೋದೇ ಇಲ್ಲ. ನಿಮಗೆ ಪಶ್ಚಿಮಕ್ಕೆ ಸಮುದ್ರ ಇದೆ, ಡಬ್ಬನ ಆ ಕಡೆ ತಿರುಗಿಸಿ. ಸೂರ್ಯ ಇಲ್ಲಿ ಓರೆಯಾಗಿ ಜಾರಲ್ಲ, ಹತ್ತತ್ರ ನೆಟ್ಟಗೆ ಇಳೀತಾನೆ, ದಿನಕ್ಕೊಂದು ಗೆರೆ, ಮಗ್ಗದ ಮೇಲೆ ಹಾಸಿನ ಎಳೆ ಬಿಗಿದ ಹಾಗೆ ನೀರಿನವರೆಗೂ ಇಳಿದ ಗೆರೆಗಳು. ಮೋಡ ಇದ್ದ ದಿನದ ಎಳೆ ಇರಲ್ಲ. ನಮ್ಮ ಕಡಲತೀರದ ಈ ಚಿತ್ರ ಯುರೋಪಿನವರಿಗೆ ಸಿಗಲ್ಲ, ನನಗಂತೂ ಆ ಕಮಾನುಗಳಿಗಿಂತ ಇದೇ ಇಷ್ಟ.

ಡಬ್ಬನ ಕಂಬಿಗೆ ಕೇಬಲ್ ಟೈ ಹಾಕಿ ಅಲುಗಾಡದ ಹಾಗೆ ಬಿಗೀರಿ, ನಿಮ್ಮ ಮನೆ ತಾರಸೀಲೇ ಇಡಿ, ಸಾರ್ವಜನಿಕ ಜಾಗದಲ್ಲಿ ಬೇಡ, ಜನ ಗಾಬರಿ ಆಗ್ತಾರೆ. ತೆಗೆದ ಮೇಲೆ ಪೇಪರ್ ಡೆವಲಪ್ ಮಾಡ್ಬೇಡಿ, ಮಂದ ಬೆಳಕಲ್ಲಿ ತೆಗೆದು ಒಂದೇ ಸಲ ಸ್ಕ್ಯಾನ್ ಮಾಡಿ ಕಂಪ್ಯೂಟರಲ್ಲಿ ನೆಗೆಟಿವ್ ತಿರುಗಿಸಿ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ 2012ರಲ್ಲಿ ಒಬ್ಬ ವಿದ್ಯಾರ್ಥಿನಿ ಟೆಲಿಸ್ಕೋಪಿಗೆ ಕಟ್ಟಿದ್ದ ಬಿಯರ್ ಕ್ಯಾನ್ 2020ರಲ್ಲಿ ಸಿಕ್ತು, ಒಳಗಿನ ಪೇಪರಲ್ಲಿ 2,953 ಸೂರ್ಯನ ಗೆರೆ ಇತ್ತು.

ಪ್ರಶ್ನೆ: ಡಿಎಸ್‌ಎಲ್‌ಆರ್‌ನಲ್ಲಿ ಆಗತ್ತಾ? ಮತ್ತೆ ಪಿನ್‌ಹೋಲ್ ದಿನ ಅಂತ ಇದೆಯಂತಲ್ಲ, ಯಾವಾಗ? — ಮೈಸೂರು

ಆಗತ್ತೆ. ಅದು ಲೆನ್ಸ್ ಬದಲಾಯಿಸೋ ಡಿಜಿಟಲ್ ಕ್ಯಾಮೆರಾ, ಲೆನ್ಸ್ ತೆಗೆದಾಗ ಹಾಕೋ ಬಾಡಿ ಕ್ಯಾಪ್ ನಡುವೆ ಡ್ರಿಲ್ ಮಾಡಿ 0.3 ಮಿ.ಮೀ. ತೂತಿನ ತಗಡು ಅಂಟಿಸಿ, ಐಎಸ್‌ಓ 1600 ಇಟ್ರೆ ಬಿಸಿಲಲ್ಲಿ 1/15 ಸೆಕೆಂಡ್ ಹತ್ತಿರ ಬರತ್ತೆ. ಸೆನ್ಸರ್ ಮೇಲಿನ ಧೂಳೆಲ್ಲ ಚುಕ್ಕೆ ಚುಕ್ಕೆಯಾಗಿ ಎದ್ದು ಕಾಣತ್ತೆ, ಮೊದಲು ಕ್ಲೀನ್ ಮಾಡಿ.

ವಿಶ್ವ ಪಿನ್‌ಹೋಲ್ ದಿನ 2001ರಿಂದ ಪ್ರತಿ ಏಪ್ರಿಲ್‌ನ ಕೊನೇ ಭಾನುವಾರ. ನಮ್ಮಲ್ಲಿ ಆಗ ಮಧ್ಯಾಹ್ನ ನೆರಳೇ ಕಾಲಡಿ ಇರತ್ತೆ, ಬೆಳಗ್ಗೆ ಏಳೂವರೆ ಎಂಟರ ಒಳಗೆ ಡಬ್ಬ ಹೊರಗಿಡಿ.