ಓದುಗರ ಪ್ರಶ್ನೆ: ಗೇಮ್ ಆಡೋಕೆ ಯಾವ ಸ್ಟೀರಿಂಗ್ ತಗೊಳ್ಳಲಿ?

ಈ ಸಲ ರೇಸಿಂಗ್ ವೀಲ್, ಅಂದರೆ ಗೇಮ್ ಆಡೋಕೆ ಕಂಪ್ಯೂಟರಿಗೋ ಕನ್ಸೋಲಿಗೋ ಜೋಡಿಸುವ ಸ್ಟೀರಿಂಗ್ ಬಗ್ಗೆಯೇ ಸುಮಾರು ಪತ್ರ ಬಂದಿವೆ. ಬರೆದವರು ಯಾರೂ ರೇಸ್ ಗೆಲ್ಲೋಕೆ ಹೊರಟವರಲ್ಲ. ಸಂಜೆ ಕಾಲೇಜು, ಕೆಲಸ ಮುಗಿಸಿ ಒಂದು ಗಂಟೆ ಆಡುವವರು, ಕೈಯಲ್ಲಿ ದುಡ್ಡೂ ಲೆಕ್ಕದಷ್ಟೇ ಇರುವವರು. ಅದಕ್ಕೇ ಎಲ್ಲಕ್ಕೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡುತ್ತೇನೆ. ಕೀಬೋರ್ಡ್ ಒತ್ತಿ ಒತ್ತಿ ತಿರುಗಿಸೋದು ಸಾಕಾಗಿದೆ. ಹತ್ತು ಸಾವಿರ ಕೂಡಿಟ್ಟಿದ್ದೇನೆ. ಆನ್‌ಲೈನಲ್ಲಿ ಏಳೆಂಟು ಸಾವಿರಕ್ಕೆ 270 ಡಿಗ್ರಿ ತಿರುಗುವ ವೀಲ್, ಪೆಡಲ್ ಸಮೇತ ಕಾಣಿಸುತ್ತಿದೆ. ‘ವೈಬ್ರೇಷನ್ ಫೀಡ್‌ಬ್ಯಾಕ್’ ಇದೆ ಅಂತಾನೂ ಬರೆದಿದ್ದಾರೆ. ತಗೊಳ್ಳಲಾ?
— ಹಾಸನದ ಡಿಗ್ರಿ ವಿದ್ಯಾರ್ಥಿ

ಬೇಡ. ನೀವು ಆಡುವುದು ಟ್ರಕ್ ಗೇಮ್, ಅದಕ್ಕೇ ಬೇಡ ಅಂತಿದ್ದೇನೆ.

270 ಡಿಗ್ರಿ ಅಂದರೆ ಮುಕ್ಕಾಲು ಸುತ್ತು. ಆ ಕೊನೆಯಿಂದ ಈ ಕೊನೆಗೆ ಅಷ್ಟೇ. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಕಾರಿನ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡಿ, ಎರಡೂವರೆ ಮೂರು ಸುತ್ತು ಬರುತ್ತದೆ. ಟ್ರಕ್ಕಿಗೆ ಇನ್ನೂ ಜಾಸ್ತಿ. ಅಷ್ಟು ಸುತ್ತಿನ ಕೆಲಸವನ್ನು ಮುಕ್ಕಾಲು ಸುತ್ತಿನಲ್ಲಿ ಮುಗಿಸಬೇಕು ಅಂದರೆ, ಹೈವೇಯಲ್ಲಿ ನೇರ ಹೋಗುವಾಗ ಕೈ ಒಂದಿಷ್ಟು ಅಲುಗಿದರೂ ಟ್ರಕ್ಕು ಪಕ್ಕದ ಲೇನಿಗೆ ಹೋಗಿ ಬರುತ್ತದೆ. ಗೇಮಿನ ಸೆಟ್ಟಿಂಗಿನಲ್ಲಿ ಸೂಕ್ಷ್ಮತೆ ಕಡಿಮೆ ಮಾಡಬಹುದು, ನಿಜ. ಆಗ ನೇರ ರಸ್ತೆ ಸರಿಹೋಗುತ್ತದೆ, ಆದರೆ ಗೋಡೌನ್ ಮುಂದೆ ಟ್ರೇಲರ್ ರಿವರ್ಸ್ ಹಾಕುವಾಗ ಕೈ ಲೆಕ್ಕವೇ ತಪ್ಪಿಹೋಗುತ್ತದೆ. ಆ ಗೇಮಿನ ಮಜಾ ಇರೋದೇ ಆ ರಿವರ್ಸ್‌ನಲ್ಲಿ ಅಲ್ವಾ?

ಇನ್ನು ವೈಬ್ರೇಷನ್ ವಿಷಯ. ಇಲ್ಲೇ ಜಾಸ್ತಿ ಜನ ಮೋಸ ಹೋಗೋದು. ವೈಬ್ರೇಷನ್ ಅಂದರೆ ಜೇಬಿನಲ್ಲಿರುವ ಫೋನು ಗುರ್ ಅನ್ನುವಂಥದ್ದು, ಗಾಡಿ ಗುದ್ದಿದಾಗ ಒಂದು ಪುಟ್ಟ ಮೋಟಾರು ಒಳಗೆ ನಡುಗುತ್ತದೆ, ಮುಗಿಯಿತು. ಫೋರ್ಸ್ ಫೀಡ್‌ಬ್ಯಾಕ್ ಅನ್ನೋದು ಬೇರೆಯೇ. ಅಲ್ಲಿ ಮೋಟಾರು ಸ್ಟೀರಿಂಗನ್ನೇ ಹಿಡಿದು ತಿರುಗಿಸುತ್ತದೆ. ಮುಂದಿನ ಟಯರಿನ ಮೇಲೆ ಎಷ್ಟು ಭಾರ ಬೀಳುತ್ತಿದೆ ಅಂತ ಗೇಮು ಲೆಕ್ಕ ಹಾಕಿ, ಅಷ್ಟು ಜೋರಾಗಿ ನಿಮ್ಮ ಕೈಯನ್ನು ಎಳೆಯುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಕಾರು ಓಡಿಸಿದವರಿಗೆ ಗೊತ್ತಿರುತ್ತದೆ, ಟಯರು ಜಾರುವ ಮುಂಚೆ ಸ್ಟೀರಿಂಗ್ ಒಂದು ಕ್ಷಣ ಹಗುರ ಆಗುತ್ತದೆ. ಒಳ್ಳೆಯ ವೀಲ್‌ನಲ್ಲಿ ಅದೇ ಹಗುರ ಕೈಗೆ ಸಿಗುತ್ತದೆ. ಕಣ್ಣಿಗೆ ಕಾಣೋಕೆ ಮುಂಚೆ ಕೈಗೆ ಗೊತ್ತಾಗಿ ನೀವು ಸರಿಪಡಿಸಿಕೊಳ್ಳುತ್ತೀರಿ. ವೀಲ್ ಕೊಳ್ಳೋದೇ ಇದಕ್ಕೆ.

ನಾನೂ ಮೊದಲು ಕೊಂಡದ್ದು ಮೋಟಾರಿಲ್ಲದ ವೀಲನ್ನೇ. ಒಳಗೆ ಒಂದು ದಪ್ಪ ರಬ್ಬರ್ ಪಟ್ಟಿ ಇತ್ತು, ಎತ್ತ ತಿರುಗಿಸಿದರೂ ಮಧ್ಯಕ್ಕೆ ಎಳೆಯುತ್ತಿತ್ತು. ನಿಂತ ಗಾಡಿಯಲ್ಲೂ ಅದೇ ಎಳೆತ, ನೂರರ ವೇಗದಲ್ಲೂ ಅದೇ ಎಳೆತ. ಎರಡು ತಿಂಗಳಿಗೆ ರಬ್ಬರು ಸಡಿಲವಾಗಿ, ಮಧ್ಯದಲ್ಲಿ ಎರಡು ಬೆರಳಷ್ಟು ಸತ್ತ ಜಾಗ ಆಯಿತು. ಅಲ್ಲಿ ತಿರುಗಿಸಿದರೆ ಗಾಡಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ದುಡ್ಡು ಹೋದದ್ದು ನನಗೆ ಇವತ್ತಿಗೂ ಬೇಜಾರೇ, ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಂಗಡಿಯಲ್ಲಿ ಗುರುತು ಹಿಡಿಯೋಕೆ ಒಂದು ಸುಲಭ ದಾರಿ ಇದೆ. ಗೋಡೆಯ ಪ್ಲಗ್ಗಿಗೆ ಹಾಕುವ ಪವರ್ ಅಡಾಪ್ಟರ್ ಡಬ್ಬದಲ್ಲಿ ಇದೆಯಾ ನೋಡಿ. ಬರೀ ಯುಎಸ್‌ಬಿ ವಯರಿನಲ್ಲೇ ಎಲ್ಲ ನಡೆಯುತ್ತದೆ ಅಂದರೆ, ಬಹುಮಟ್ಟಿಗೆ ಅದರಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಇಲ್ಲ ಅಂತಲೇ ಅರ್ಥ.

ಹಾಗಾದರೆ ಏನು ತಗೊಳ್ಳೋದು? ಲಾಜಿಟೆಕ್ ಜಿ29 ಬಂದದ್ದು 2015ರಲ್ಲಿ, ಇವತ್ತಿಗೂ ಮೊದಲ ವೀಲ್ ಅಂದರೆ ನಾನು ಅದನ್ನೇ ಹೇಳುತ್ತೇನೆ. 900 ಡಿಗ್ರಿ, ಎರಡು ಮೋಟಾರು, ಕ್ಲಚ್ ಸೇರಿ ಮೂರು ಪೆಡಲ್. ಒಳಗೆ ಗೇರ್ ಚಕ್ರಗಳು ಇರೋದರಿಂದ ಗುಂಡಿ ರಸ್ತೆಯಲ್ಲಿ ಗರಗರ ಸದ್ದು ಬರುತ್ತದೆ, ರಾತ್ರಿ ಪಕ್ಕದ ಕೋಣೆಯಲ್ಲಿ ಯಾರಾದರೂ ಮಲಗಿದ್ದರೆ ಇದು ಯೋಚಿಸಬೇಕಾದ ವಿಷಯವೇ. ಥ್ರಸ್ಟ್‌ಮಾಸ್ಟರ್‌ನ ಟಿ150 ಮತ್ತು ಟಿ128ರಲ್ಲಿ ಗೇರು, ಬೆಲ್ಟು ಎರಡೂ ಸೇರಿವೆ, ತಿರುಗುವುದು ಸ್ವಲ್ಪ ಮೆತ್ತಗೆ. ಆದರೆ ಅವುಗಳ ಜೊತೆ ಬರೋದು ಎರಡೇ ಪೆಡಲ್. ಮೋಟಾರಿನ ದಂಡಕ್ಕೇ ಸ್ಟೀರಿಂಗ್ ಕೂರಿಸಿರುವ ಡೈರೆಕ್ಟ್ ಡ್ರೈವ್ ವೀಲ್‌ಗಳು, ಉದಾಹರಣೆಗೆ ಮೋಜಾ ಆರ್5, ಎಲ್ಲಕ್ಕಿಂತ ಚೆನ್ನ. ಬೆಲೆಯೂ ಹಾಗೇ ಇರುತ್ತದೆ, ನಿಮಗೆ ಸದ್ಯ ಬೇಡ.

ಹತ್ತು ಸಾವಿರಕ್ಕೆ ಇದ್ಯಾವುದೂ ಹೊಸದು ಸಿಗೋದಿಲ್ಲ. ಹಾಗಾಗಿ ಸುಮ್ನೆ ಏನೋ ಒಂದು ತಗೊಳ್ಳುವ ಬದಲು, ಸದ್ಯಕ್ಕೆ ಎರಡೂ ಕೈಯಲ್ಲಿ ಹಿಡಿದು ಆಡುವ ಒಂದು ಒಳ್ಳೆಯ ಗೇಮ್‌ಪ್ಯಾಡ್ ಕೊಳ್ಳಿ. ಅದರ ಕಡ್ಡಿ ಸ್ವಲ್ಪ ವಾಲಿಸಿದರೆ ಗಾಡಿ ಸ್ವಲ್ಪ ತಿರುಗುತ್ತದೆ, ಜಾಸ್ತಿ ವಾಲಿಸಿದರೆ ಜಾಸ್ತಿ. ಕೀಬೋರ್ಡಿನ ಕಷ್ಟ ಅಲ್ಲಿಗೇ ಮುಕ್ಕಾಲು ಪಾಲು ಹೋಗುತ್ತದೆ. ಉಳಿದ ದುಡ್ಡಿಗೆ ತಿಂಗಳು ತಿಂಗಳು ಸೇರಿಸುತ್ತಾ ಹೋಗಿ, ಸೆಕೆಂಡ್ ಹ್ಯಾಂಡ್ ಜಿ29 ಹುಡುಕಿ.

ಪ್ರಶ್ನೆ: ನನ್ನ ಹತ್ತಿರ ಪಿಎಸ್5 (ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್) ಇದೆ. ಗೆಳೆಯ ತನ್ನ ಜಿ920 ಕಡಿಮೆಗೆ ಕೊಡುತ್ತೇನೆ ಅಂತಿದ್ದಾನೆ. ಜಿ29 ತರಹವೇ ಇದೆಯಲ್ಲ, ತಗೊಳ್ಳಬಹುದಾ?
— ಮಂಗಳೂರಿನ ಓದುಗರು

ನೋಡೋಕೆ ಅಣ್ಣ ತಮ್ಮ, ಆದರೆ ಜಿ920 ಇರೋದು ಎಕ್ಸ್‌ಬಾಕ್ಸ್ ಅನ್ನುವ ಇನ್ನೊಂದು ಕನ್ಸೋಲಿಗೆ ಮತ್ತು ಪಿಸಿಗೆ. ನಿಮ್ಮ ಪಿಎಸ್5ರಲ್ಲಿ ಅದು ನಡೆಯೋದಿಲ್ಲ. ನಿಮಗೆ ಬೇಕಾದದ್ದು ಜಿ29. ಜಿ923, ಟಿ128, ಟಿ248 ಇವಕ್ಕೆಲ್ಲ ಪ್ಲೇಸ್ಟೇಷನ್ನಿಗೆ ಒಂದು, ಎಕ್ಸ್‌ಬಾಕ್ಸಿಗೆ ಒಂದು ಅಂತ ಎರಡೆರಡು ಬಗೆ ಇವೆ, ಡಬ್ಬದ ಮೇಲೆ ಓದಿಯೇ ದುಡ್ಡು ಕೊಡಿ. ಪಿಸಿಯಲ್ಲಿ ಆಡುವವರಿಗೆ ಈ ತಲೆನೋವಿಲ್ಲ, ಎರಡೂ ನಡೆಯುತ್ತವೆ.

ಪ್ರಶ್ನೆ: ಹುಬ್ಬಳ್ಳಿಯಲ್ಲೇ ಒಬ್ಬರು ನಾಲ್ಕು ವರ್ಷ ಹಳೆಯ ಜಿ29 ಮಾರುತ್ತಿದ್ದಾರೆ. ಹೋದಾಗ ಏನೇನು ನೋಡಬೇಕು?
— ಹುಬ್ಬಳ್ಳಿಯ ಓದುಗರು

ಲ್ಯಾಪ್‌ಟಾಪ್ ಜೊತೆಗೇ ಹೋಗಿ. ಹಗಲು ಹೊತ್ತು ಹೋಗಿ, ಕರೆಂಟ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಅಡಾಪ್ಟರ್ ಹಾಕಿ, ಯುಎಸ್‌ಬಿ ಚುಚ್ಚಿ, ಕೈ ದೂರ ಇಡಿ. ವೀಲ್ ತನ್ನಷ್ಟಕ್ಕೆ ತಾನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿ ಮಧ್ಯಕ್ಕೆ ಬಂದು ನಿಲ್ಲಬೇಕು. ಇಲ್ಲಿ ಗಮನ ಇಟ್ಟು ನೋಡಿ. ಓರೆಯಾಗಿ ನಿಂತರೆ, ಅಥವಾ ತಿರುಗುವಾಗ ಒಂದೇ ಜಾಗದಲ್ಲಿ ಕಟ್ ಅಂತ ಸದ್ದು ಬಂದರೆ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ. ಗೇರ್ ಬಿಚ್ಚಿ ರಿಪೇರಿ ಮಾಡೋರನ್ನು ಹುಡುಕಿಕೊಂಡು ಅಲೆಯೋದು ನಿಮಗೆ ಬೇಡ.

ಆಮೇಲೆ ಪೆಡಲ್. ವಿಂಡೋಸ್‌ನಲ್ಲಿ ರನ್ ಡಬ್ಬಿ ತೆರೆದು ‘ಜಾಯ್ ಡಾಟ್ ಸಿಪಿಎಲ್’ (joy.cpl) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ವೀಲ್ ಹೆಸರು ಬರುತ್ತದೆ, ಪ್ರಾಪರ್ಟೀಸ್ ಒತ್ತಿ. ಈಗ ಆಕ್ಸಿಲರೇಟರನ್ನು ನಿಧಾನಕ್ಕೆ, ತುಂಬಾ ನಿಧಾನಕ್ಕೆ ತುಳಿಯಿರಿ. ಪರದೆಯ ಮೇಲಿನ ಪಟ್ಟಿ ಕಾಲಿನ ಜೊತೆಗೇ ನಯವಾಗಿ ಸರಿಯಬೇಕು. ಅದು ಹಾರಿ ಹಾರಿ ಹೋದರೆ, ಪೆಡಲ್ ಎಷ್ಟು ಒತ್ತಿದೆ ಅಂತ ಅಳೆಯುವ ಒಳಗಿನ ಪೊಟೆನ್ಷಿಯೋಮೀಟರಿನಲ್ಲಿ ಬಹುಶಃ ಧೂಳು ಸೇರಿದೆ. ಇದಕ್ಕೆ ಹೆದರಬೇಡಿ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ, ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಯಾರನ್ನು ಕೇಳಿದರೂ ಕೊಡುತ್ತಾರೆ. ಪೆಡಲ್ ಬಿಚ್ಚಿ ಎರಡು ಸಲ ಹೊಡೆದು, ಹತ್ತಿಪ್ಪತ್ತು ಸಲ ತುಳಿದರೆ ಬಹುಪಾಲು ಸರಿಹೋಗುತ್ತದೆ. ಬೆಲೆ ಇಳಿಸಿ ಕೇಳೋಕೆ ಮಾತ್ರ ಇದು ಒಳ್ಳೆಯ ಕಾರಣ.

ಬ್ರೇಕ್ ತುಳಿದಾಗ ಅರ್ಧದಿಂದಾಚೆ ಗಟ್ಟಿಯಾಗಿ ಎದುರು ನಿಲ್ಲುತ್ತದೆ, ಅದು ಕೆಟ್ಟದ್ದಲ್ಲ. ನಿಜವಾದ ಬ್ರೇಕಿನ ಹಾಗಿರಲಿ ಅಂತ ಒಳಗೆ ರಬ್ಬರ್ ತುಂಡು ಇಟ್ಟಿದ್ದಾರೆ. ಕೊನೆಗೆ ಅಡಾಪ್ಟರ್ ವೀಲ್ ಜೊತೆ ಬಂದದ್ದೇನಾ ಅಂತ ಕೇಳಿ. ಗೇರ್ ಲಿವರ್ ಜೊತೆಗೆ ಕೊಟ್ಟರೆ ಲಾಭವೇ, ಅದನ್ನು ಹೊಸದಾಗಿ ಬೇರೆಯೇ ಕೊಳ್ಳಬೇಕು.

ಪ್ರಶ್ನೆ: ಫೋನಿನಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಆಡುತ್ತೇನೆ, ಕೆಎಸ್ಆರ್‌ಟಿಸಿ ಬಣ್ಣ ಹಾಕಿಕೊಂಡು. ಇದಕ್ಕೆ ವೀಲ್ ಹಾಕಬಹುದಾ?
— ಕಡೂರಿನ ಹೈಸ್ಕೂಲ್ ಹುಡುಗ

ಫೋನಿಗೋಸ್ಕರ ವೀಲ್ ಕೊಳ್ಳಬೇಡಪ್ಪಾ. ಮೇಲೆ ಹೇಳಿದ ವೀಲ್‌ಗಳು ಇರೋದು ಪಿಸಿ, ಕನ್ಸೋಲ್‌ಗಳಿಗೆ. ನಿನ್ನ ಬಸ್ಸಿಗೆ ಫೋನು ವಾಲಿಸಿ ಓಡಿಸೋದೇ ಚೆಂದ. ಮನೆಗೆ ಕಂಪ್ಯೂಟರ್ ಬಂದ ದಿನ ಯೂರೋ ಟ್ರಕ್ 2ರ ಡೆಮೊ ಹಾಕಿ ನೋಡು, ಅದಕ್ಕೆ ದುಡ್ಡಿಲ್ಲ.

ಪ್ರಶ್ನೆ: ವೀಲ್ ಬಂತು, ಖುಷಿ ಆಯಿತು, ಆದರೆ ಕೂರಿಸೋಕೇ ಆಗುತ್ತಿಲ್ಲ. ಕಂಪ್ಯೂಟರ್ ಟೇಬಲ್ಲಿಗೆ ಕೀಬೋರ್ಡ್ ಎಳೆಯುವ ಹಲಗೆ ಇದೆ, ಕ್ಲಾಂಪ್ ಹಿಡಿಯುತ್ತಿಲ್ಲ. ಬ್ರೇಕ್ ತುಳಿದರೆ ಪೆಡಲ್ ಮುಂದಕ್ಕೆ, ಕುರ್ಚಿ ಹಿಂದಕ್ಕೆ!
— ದಾವಣಗೆರೆಯ ಓದುಗರು

ಇದನ್ನು ಕೊಳ್ಳುವ ಮುಂಚೆ ಯಾರೂ ಹೇಳೋದಿಲ್ಲ, ಹೇಳಬೇಕಿತ್ತು. ನಮ್ಮ ಮನೆಗಳಲ್ಲಿ ನೆಲ ಟೈಲ್ಸು, ಗ್ರಾನೈಟು, ಇಲ್ಲಾ ರೆಡ್ ಆಕ್ಸೈಡು. ಎಲ್ಲವೂ ಜಾರುವಂಥವೇ. ಜಿ29ರ ಪೆಡಲ್ ಕೆಳಗೆ ಕಾರ್ಪೆಟ್ ಕಚ್ಚಿಕೊಳ್ಳೋಕೆ ಹಲ್ಲುಗಳಿವೆ, ಆದರೆ ಕಾರ್ಪೆಟ್ಟೇ ಇಲ್ಲದ ಮನೆಯಲ್ಲಿ ಅವು ಏನು ಕಚ್ಚಬೇಕು?

ಪೆಡಲನ್ನು ಗೋಡೆಗೆ ಒತ್ತಿ ಇಡಿ. ಟೇಬಲ್ ಗೋಡೆಗೆ ಅಂಟಿದ್ದರೆ ಇದು ಸುಲಭ, ನಡುವೆ ಖಾಲಿ ಜಾಗ ಉಳಿದರೆ ಒಂದು ಮರದ ತುಂಡು ಕೊಡಿ. ಕೆಳಗೆ ಹಳೆಯ ಯೋಗಾ ಮ್ಯಾಟ್ ಹಾಸಿ. ಗಾಲಿ ಕುರ್ಚಿ ಬಿಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿ, ಇಲ್ಲದಿದ್ದರೆ ಎರಡು ಗಾಲಿಗಳನ್ನು ಹಳೆಯ ಶೂಗಳ ಒಳಗೆ ಇಳಿಸಿ, ನಾನು ವರ್ಷಗಟ್ಟಲೆ ಹೀಗೇ ಮಾಡಿದ್ದೇನೆ, ಕುರ್ಚಿ ಒಂದಿಂಚೂ ಅಲುಗೋದಿಲ್ಲ. ಟೇಬಲ್ಲಿನ ಕೀಬೋರ್ಡ್ ಹಲಗೆಯನ್ನು ಸ್ಕ್ರೂ ತೆಗೆದು ಬಿಚ್ಚಿಡಿ. ಹಲಗೆಗೇ ವೀಲ್ ಕಚ್ಚಿಸಬೇಡಿ, ಫೋರ್ಸ್ ಫೀಡ್‌ಬ್ಯಾಕಿನ ಎಳೆತಕ್ಕೆ ಅದರ ಹಳಿ ಕಿತ್ತು ಬರುತ್ತದೆ.

ಇದ್ಯಾವುದೂ ಆಗದಿದ್ದರೆ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಗೆ ಹೋಗಿ. ಚೌಕ ಪೈಪಿನಲ್ಲಿ ಒಂದು ಸ್ಟ್ಯಾಂಡ್, ಮೇಲೆ ವೀಲಿಗೆ ಪ್ಲೈವುಡ್, ಕೆಳಗೆ ಪೆಡಲಿಗೆ ಇನ್ನೊಂದು ಪ್ಲೈವುಡ್. ಗೇಟು ಮಾಡುವವರಿಗೆ ಇದು ಅರ್ಧ ದಿನದ ಕೆಲಸ. ಅಳತೆ ಕೊಡುವ ಮುಂಚೆ ನಿಮ್ಮ ಕುರ್ಚಿಯಲ್ಲಿ ಕೂತು, ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ ಪ್ಲೈವುಡ್ ಬರುವ ಹಾಗೆ ಗುರುತು ಮಾಡಿಕೊಳ್ಳಿ.

ಪ್ರಶ್ನೆ: ಕಾರು ಕಲಿಯಬೇಕು ಅಂತಿದ್ದೇನೆ, ರಸ್ತೆಗಿಳಿಯೋಕೆ ಭಯ. ಮಗನ ಜಿ29 ಮನೆಯಲ್ಲೇ ಇದೆ. ಅದರಲ್ಲಿ ಅಭ್ಯಾಸ ಮಾಡಿದರೆ ಉಪಯೋಗ ಆಗುತ್ತಾ?
— ಶಿವಮೊಗ್ಗದ ಗೃಹಿಣಿ

ಆಗುತ್ತದೆ, ಒಂದು ಮಟ್ಟಕ್ಕೆ. ನಿಮ್ಮ ಪ್ರಶ್ನೆ ನನಗೆ ತುಂಬಾ ಹಿಡಿಸಿತು.

ಯಾವ ಕಾಲು ಎಲ್ಲಿ ಅನ್ನೋದು ರೂಢಿಯಾಗುತ್ತದೆ. ಬಲಗಾಲು ಆಕ್ಸಿಲರೇಟರಿಗೂ ಬ್ರೇಕಿಗೂ, ಎಡಗಾಲು ಬರೀ ಕ್ಲಚ್ಚಿಗೆ. ಸ್ಟೀರಿಂಗ್ ಎಷ್ಟು ತಿರುಗಿಸಿದರೆ ಗಾಡಿ ಎಷ್ಟು ತಿರುಗುತ್ತದೆ, ತಿರುವು ಮುಗಿದ ಮೇಲೆ ಹೇಗೆ ವಾಪಸ್ ಬಿಡಬೇಕು, ಕನ್ನಡಿ ನೋಡಿ ರಿವರ್ಸ್ ಹಾಕುವಾಗ ಹಿಂಭಾಗ ಯಾವ ಕಡೆ ಹೋಗುತ್ತದೆ, ಇವು ಯೂರೋ ಟ್ರಕ್ಕಿನಲ್ಲೂ ಚೆನ್ನಾಗಿ ಅಭ್ಯಾಸ ಆಗುತ್ತವೆ. ಮಗನಿಗೆ ಹೇಳಿ 900 ಡಿಗ್ರಿ ಇಡಿಸಿಕೊಳ್ಳಿ. ಮೊದಲು ಬ್ರಿಟನ್ನಿನ ರಸ್ತೆಗಳಲ್ಲಿ ಓಡಿಸಿ, ಅಲ್ಲಿ ನಮ್ಮ ಹಾಗೇ ಎಡಕ್ಕೆ ಓಡಿಸುತ್ತಾರೆ. ಯುರೋಪಿನ ಉಳಿದ ಬಹುತೇಕ ದೇಶಗಳಿಗೆ ಹೋದರೆ ಬಲಕ್ಕೆ ಓಡಿಸಬೇಕು, ಕಲಿಯುವವರಿಗೆ ಆ ಗೊಂದಲ ಬೇಡ.

ಕ್ಲಚ್ ಮಾತ್ರ ಇದರಲ್ಲಿ ಬರೋದಿಲ್ಲ. ನಿಜವಾದ ಕಾರಿನಲ್ಲಿ ಕ್ಲಚ್ ಬಿಡುತ್ತಾ ಬಂದಾಗ ಒಂದು ಜಾಗದಲ್ಲಿ ಇಡೀ ಗಾಡಿ ಸಣ್ಣಗೆ ನಡುಗುತ್ತದೆ, ಎಂಜಿನ್ ಸದ್ದು ಇಳಿಯುತ್ತದೆ. ಕಾಲಿಗೆ ಅದು ಗೊತ್ತಾಗಬೇಕು. ವೀಲಿನ ಕ್ಲಚ್ಚಿನಲ್ಲಿ ಒಂದು ಸ್ಪ್ರಿಂಗ್ ಇದೆ ಅಷ್ಟೇ. ಹಿಂದಿನಿಂದ ಬರುವ ಹಾರನ್ನು, ಎದುರು ನುಗ್ಗುವ ಆಟೋ, ಇವಕ್ಕೂ ಮನಸ್ಸು ಒಗ್ಗಬೇಕಾದದ್ದು ರಸ್ತೆಯಲ್ಲೇ.

ಮಗ ಸ್ಕೂಲಿಗೆ ಹೋದ ಮೇಲೆ ದಿನಕ್ಕೆ ಅರ್ಧ ಗಂಟೆ, ಎರಡು ವಾರ ಕೂರಿ. ಅಷ್ಟರಲ್ಲಿ ಎಲ್‌ಎಲ್‌ಆರ್ ಮಾಡಿಸಿಕೊಳ್ಳಿ. ಡ್ರೈವಿಂಗ್ ಸ್ಕೂಲಿನವರಿಗೆ ಬೆಳಿಗ್ಗೆ ಆರರ ಕ್ಲಾಸೇ ಬೇಕು ಅಂತ ಕೇಳಿ, ಆ ಹೊತ್ತಿಗೆ ರಸ್ತೆ ಖಾಲಿ ಇರುತ್ತದೆ. ಮೊದಲ ದಿನ ಒಂದು ಸಮತಟ್ಟು ಮೈದಾನದಲ್ಲಿ ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಒಂದರಲ್ಲೇ ಗಾಡಿ ಹೊರಡಿಸೋದನ್ನು ಹೇಳಿಕೊಡಿ ಅನ್ನಿ. ಹೇಗಾಯಿತು ಅಂತ ನನಗೆ ಬರೆಯಿರಿ.