7 ಮೆಗಾಹರ್ಟ್ಸ್‌ನಲ್ಲಿ ಚೆನ್ನಾಗಿರುವ ಕೇಬಲ್ 145ರಲ್ಲಿ ಯಾಕೆ ಕೈಕೊಡುತ್ತದೆ?

ಮೂಡಿಗೆರೆಯ ತೋಟದ ಮನೆಯಿಂದ ಗುಡ್ಡದ ಮೇಲಿನ ಹ್ಯಾಮ್ (ಹವ್ಯಾಸಿ ರೇಡಿಯೋ) ಆಂಟೆನಾಗೆ 30 ಮೀಟರ್ ಆರ್‌ಜಿ-58 ಕೇಬಲ್ ಎಳೆದಿದ್ದೀರಿ, ಅಲ್ವಾ? 145ರಲ್ಲಿ ನಿಮ್ಮ ಪವರ್‌ನ ಹೆಚ್ಚಿನ ಪಾಲು ಆ ಕೇಬಲ್‌ನಲ್ಲೇ ಶಾಖವಾಗಿ ಹೋಗುತ್ತಿದೆ. ಇಷ್ಟುದ್ದಕ್ಕೆ ನಷ್ಟ ಸುಮಾರು 6 ಡೆಸಿಬೆಲ್. ಅಂದರೆ 5 ವಾಟ್ ಕೊಟ್ಟರೆ ಆಂಟೆನಾಗೆ ತಲುಪುವುದು ಒಂದೂಕಾಲು ವಾಟ್ ಅಷ್ಟೇ. 7 ಮೆಗಾಹರ್ಟ್ಸ್‌ನಲ್ಲಿ ಸುಮಾರು ಮುಕ್ಕಾಲು ಪಾಲು ತಲುಪುತ್ತದೆ.

ಕಾರಣ ಸ್ಕಿನ್ ಎಫೆಕ್ಟ್. ಫ್ರೀಕ್ವೆನ್ಸಿ ಹೆಚ್ಚಾದಷ್ಟೂ ಕರೆಂಟ್ ತಂತಿಯ ಒಳಗೆ ಇಳಿಯುವುದಿಲ್ಲ, ಮೇಲ್ಮೈಗೆ ಅಂಟಿಕೊಂಡೇ ಹರಿಯುತ್ತದೆ. 145ರಲ್ಲಿ ಆ ಪದರ ಒಂದು ಮಿಲಿಮೀಟರಿನ ನೂರನೇ ಒಂದು ಪಾಲೂ ಇರುವುದಿಲ್ಲ. ತಂತಿಯಲ್ಲಿ ಎಷ್ಟೇ ತಾಮ್ರ ಇರಲಿ, ಕೆಲಸಕ್ಕೆ ಬರುವುದು ಅಷ್ಟೇ. ಹಾಗಾಗಿ ರೆಸಿಸ್ಟೆನ್ಸ್ ಜಾಸ್ತಿ. ತಂತಿಯ ಸುತ್ತಲಿನ ಪ್ಲಾಸ್ಟಿಕ್ ಕೂಡ ಸ್ವಲ್ಪ ಹೀರಿಕೊಳ್ಳುತ್ತದೆ.

ಮನೆಯೊಳಗಿನ ಎಸ್‌ಡಬ್ಲ್ಯೂಆರ್ ಮೀಟರ್ ಒಳ್ಳೇ ರೀಡಿಂಗ್ ತೋರಿಸಿತು ಅಂತ ಸುಮ್ನೆ ನಂಬಬೇಡಿ. ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಎಂದು ಹೇಳುವ ಮೀಟರ್ ಅದು. ವಾಪಸ್ ಬರುವ ಪವರ್ರೂ ದಾರಿಯಲ್ಲಿ ಕರಗುತ್ತದೆ. ನಿಮ್ಮ ಕೇಬಲ್‌ನಲ್ಲಿ ಆಂಟೆನಾನೇ ಕಿತ್ತುಹೋಗಿದ್ದರೂ ಮೀಟರ್ 1.7ರ ಆಸುಪಾಸು ತೋರಿಸುತ್ತದೆ (1 ಅಂದರೆ ಏನೂ ವಾಪಸ್ ಬರುತ್ತಿಲ್ಲ ಎಂದರ್ಥ)! ಒಮ್ಮೆ ಆಂಟೆನಾದ ಬುಡದಲ್ಲೇ ಅಳೆಯಿರಿ.

ಆರ್‌ಜಿ-213 ಎಂಬ ದಪ್ಪ ಕೇಬಲ್ ಹಾಕಿದರೆ 145ರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಲುಪುತ್ತದೆ, ಎಲ್‌ಎಂಆರ್-400 ಎಂಬ ಕೇಬಲ್ಲಿನಲ್ಲಿ ಸುಮಾರು ಶೇ. 70. ನಿಮ್ಮ ಕಡೆ ಮಳೆಗಾಲ ಜೋರು, ಕನೆಕ್ಟರ್ ಒಳಗೆ ನೀರು ಹೋದರೆ ದುಬಾರಿ ಕೇಬಲ್ಲೂ ಹಾಳಾಗುತ್ತದೆ. ಜೂನ್‌ಗೆ ಮೊದಲೇ ಜೋಡಣೆಗಳಿಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿಬಿಡಿ.