ಕಾರು ಬಂದ್ರೆ ಹುಡುಗಿ ಬರ್ತಾಳಾ?

ಪ್ರಶ್ನೆ: ಅಕ್ಕಾ, ನಮ್ದು ಮುಳಬಾಗಿಲು ತಾಲೂಕು, ನಂಗೆ 32. ಡಿಗ್ರಿ ಮುಗ್ಸಿ ಊರಲ್ಲೇ ಇದೀನಿ, ಟೊಮೆಟೊ ಹಾಕ್ತೀವಿ, ನಾಲ್ಕು ಸೀಮೆ ಹಸು ಇದಾವೆ. ಹೆಣ್ಣು ನೋಡೋಕೆ ಹೋದ್ ಕಡೆಯೆಲ್ಲಾ ಬೆಂಗ್ಳೂರಲ್ಲಿ ಕೆಲ್ಸ ಇಲ್ವಾ ಅಂತಾರೆ. ಮನೇಲಿ ಅಪ್ಪ, ನಿನ್ ವಯಸ್ಸಿಗೆ ನಾನು ಇಡೀ ಸಂಸಾರ ಸಾಕ್ತಿದ್ದೆ, ನೀನೂ ಒಬ್ಬ ಗಂಡ್ಸಾ ಅಂತಾರೆ, ಆದ್ರೆ ಪೆಟ್ರೋಲ್‌ಗೂ ಅವ್ರನ್ನೇ ಕೇಳ್ಬೇಕು. ಲೋನಲ್ಲಿ ಕಾರ್ ತಗೊ, ನರಸಾಪುರದ ಕಂಪ್ನೀಲಿ ಸೂಪರ್‌ವೈಸರ್ ಅಂತ ಹೇಳೋಣ ಅಂತಾವ್ನೆ ಬ್ರೋಕರ್. ಸರಿಯಾಗಿ ನಿದ್ದೇನೂ ಬರ್ತಿಲ್ಲ. ಏನ್ ಮಾಡ್ಲಿ?

ಉತ್ತರ: ಸುಳ್ಳೂ ಬೇಡ, ಕಾರೂ ಬೇಡ ಕಣಪ್ಪ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸು 2 ಸಾವಿರ ದಾಟಿತ್ತು, ಅದೇ ಟೊಮೆಟೊನ ಕೂಲಿ ಗಿಟ್ಟಲ್ಲ ಅಂತ ರಸ್ತೆ ಪಕ್ಕ ಸುರಿದಿದ್ದನ್ನೂ ನೀನೇ ನೋಡಿರ್ತೀಯ, ರೇಟ್ ಹಿಂಗೆ ಕುಣಿಯೋವಾಗ ತಿಂಗಳು ತಿಂಗಳು ಇಎಂಐ ಎಲ್ಲಿಂದ ತರ್ತೀಯ?

ನಂಗೆ ಕಣ್ಣಿಗೆ ಬಿದ್ದಿದ್ದು ಆ ಪೆಟ್ರೋಲ್ ಮಾತು. ಪಹಣಿ ಅಪ್ಪನ ಹೆಸ್ರು, ಡೇರಿ ಬಟವಾಡೆ ಅಪ್ಪನ ಅಕೌಂಟ್‌ಗೆ, ಮಂಡಿ ಬಿಲ್ಲೂ ಅವ್ರಿಗೇ ಇರ್ಬೇಕು, ಬೆಳಗ್ಗೆ ಐದಕ್ಕೆದ್ದು ಹಾಲು ಕರೆಯೋನು ಮಾತ್ರ ನೀನು. ಕೈಗೆ ನೂರು ರೂಪಾಯಿ ಕೊಡದೆ ಗಂಡ್ಸಾಗು ಅಂದ್ರೆ ಹೆಂಗಾಗ್ತಾನೆ? ಅಪ್ಪ ಕೆಟ್ಟೋರು ಅಂತಲ್ಲ, ಸಾವಿರ ಅಡಿ ಬೋರ್ ಕೊರ್ಸಿದ ಸಾಲ ತಲೆ ಮೇಲಿದ್ರೆ ಯಾರಿಗಾದ್ರೂ ದುಡ್ಡು ಬಿಡೋಕೆ ಭಯ. ಆದ್ರೂ ಕೂತು ಕೇಳು, ಎರಡು ಹಸು ಲೆಕ್ಕ ನಂಗ್ ಬಿಡಿ, ಮೇವು ಇಂಡಿ ಖರ್ಚೂ ನಂದೇ ಅಂತ. ನಿನ್ ಹೆಸ್ರಲ್ಲೇ ಹಾಲು ಹಾಕೋಕಾಗುತ್ತಾ ಅಂತ ಡೇರಿ ಸೆಕ್ರೆಟರಿನ ವಿಚಾರ್ಸು. (ಭಾಗ ಕೇಳೋ ಯೋಚ್ನೆ ಇದ್ರೆ ನೆನಪಿರ್ಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಅಕ್ಕ ತಂಗಿಗೂ ನಿನ್ನಷ್ಟೇ ಹಕ್ಕಿದೆ.)

ಹುಡುಗಿಯರ ಮೇಲೂ ಕೋಪ ಮಾಡ್ಕೊಬೇಡ. ಅವ್ರಮ್ಮ ಕೊಟ್ಟಿಗೆ, ಒಲೆ ಅಂತ ಸವೆದಿದ್ದನ್ನ ನೋಡೇ ಬೆಳೆದಿರ್ತಾರೆ, ಗಂಡನ ಕೈಲೇ ದುಡ್ಡಿಲ್ಲ ಅಂದ್ರೆ ತನ್ ಕಥೆ ಏನು ಅನ್ನೋ ಲೆಕ್ಕ ಅವ್ರಿಗೂ ಇದೆ. 2023ರ ಎಲೆಕ್ಷನ್ ಟೈಮಲ್ಲಿ ಕುಮಾರಸ್ವಾಮಿಯವ್ರು ಕೋಲಾರದಲ್ಲೇ ಹೇಳಿದ್ರಲ್ಲ, ರೈತರ ಮಗನ್ನ ಮದ್ವೆ ಆಗೋ ಹುಡುಗೀಗೆ 2 ಲಕ್ಷ ಅಂತ. ನಂಗಂತೂ ಅದು ಸರಿ ಕಾಣ್ಲಿಲ್ಲ, ಆ ದುಡ್ಡು ಬಂದ್ರೆ ಕೊಟ್ಟಿಗೆ ಕೆಲ್ಸ ಕಮ್ಮಿ ಆಗುತ್ತಾ?

ನಿದ್ದೆ ವಿಷ್ಯ ಸುಮ್ನೆ ಬಿಡ್ಬೇಡ. 14416ಕ್ಕೆ ಫೋನ್ ಮಾಡು, ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಇರೋ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್ ಅಂತ, ಫ್ರೀ, ರಾತ್ರಿನೂ ಎತ್ತುತಾರೆ, ಕನ್ನಡದಲ್ಲೇ ಮಾತಾಡ್ಬೋದು. ನಮ್ ದೇಶದಲ್ಲಿ ಆತ್ಮಹತ್ಯೆ ಮಾಡ್ಕೊಳ್ಳೋ ಹತ್ತು ಜನ್ರಲ್ಲಿ ಏಳು ಜನ ಗಂಡಸ್ರು, ಗಂಡ್ಸಾದೋನು ಹೇಳ್ಕೊಬಾರ್ದು ಅನ್ನೋ ಮಾತು ನಂಬ್ಕೊಂಡು ಕೂರ್ಬೇಡ.

ಬ್ರೋಕರ್‌ಗೆ ಟೊಮೆಟೊ, ಹಸು ಅಂತ್ಲೇ ಬಯೋಡಾಟಾದಲ್ಲಿ ಬರ್ಸು. ಹೆಣ್ಣು ನೋಡೋಕೆ ಹೋದಾಗ ಹುಡುಗಿ ಜೊತೆ ಹತ್ನಿಮಿಷ ಮಾತಾಡೋಕೆ ಬಿಡಿ ಅಂತ ಕೇಳು, ಅವ್ಳು ಕೆಲ್ಸಕ್ಕೆ ಹೋಗ್ಬೇಕು ಅಂತಿದಾಳಾ ಕೇಳು, ಸಗಣಿ ಬಾಚೋದು ಯಾರು ಅನ್ನೋದನ್ನೂ ಆಗ್ಲೇ ಮಾತಾಡ್ಕೊಂಡ್ಬಿಡಿ.